ಬೊಹ್ದಾನಾಳ ಪುಸ್ತಕ, ರಾದೊವಾನನ ಹೆಸರು

ಸೇಡು ಅಂದರೆ ಬೊಹ್ದಾನಾ ವಾವ್ರೋವಾಳದ್ದು. ಚೆಕ್ ದೇಶದ ಒಲೊಮೊತ್ಸ್ ಊರಿನ ನಾವೆಲ್ಲ ಸಿಟ್ಟು ಬಂದರೆ ಎರಡು ಬಿಯರು ಕುಡಿದು ಮರೆಯುವ ಜನ. ಅವಳು ಮಾತ್ರ ಅದನ್ನು ಉಪ್ಪಿನಕಾಯಿ ಜಾಡಿಯ ಹಾಗೆ ವರ್ಷಗಟ್ಟಲೆ ಜೋಪಾನ ಮಾಡಿದಳು. ನನ್ನನ್ನು ಕೇಳಿದರೆ, ಮಾಡಿದ್ದು ಸರಿಯೇ.

ಕಮ್ಯುನಿಸ್ಟ್ ಪಾರ್ಟಿಯವರು ಮೇಷ್ಟ್ರುಗಿರಿಯಿಂದ ಓಡಿಸಿದ ಮೇಲೆ ಅವಳು ಆಸ್ಪತ್ರೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದಳು. ಆ ಕಾವಿನಲ್ಲೇ ಕೂತು ಒಂದು ಪುಸ್ತಕ ಬರೆದಳು: ಹಲವು ಅರ್ಥಗಳ ಇಂಗ್ಲಿಷ್ ಪದಗಳು, ಒಂದೊಂದು ಅರ್ಥಕ್ಕೂ ತಕ್ಕ ಚೆಕ್ ಪದ. 'ಸ್ಪ್ರಿಂಗ್' ವಸಂತವಾದರೆ ಯರೊ, ಗಡಿಯಾರದೊಳಗಿನ ಸುರುಳಿಯಾದರೆ ಪ್ರುಝಿನಾ, ನೀರಿನ ಒರತೆಯಾದರೆ ಪ್ರಮೆನ್. ಪ್ರತಿಯೊಂದಕ್ಕೂ ನಗು ಬರಿಸುವ ಉದಾಹರಣೆ. ಆದರೆ ಅವಳ ಹೆಸರು ಅಚ್ಚಾಗುವಂತಿರಲಿಲ್ಲ. ಆಗ ನಮ್ಮಲ್ಲೊಂದು ರೂಢಿಯಿತ್ತು. ನಿಷೇಧಕ್ಕೊಳಗಾದವರ ಬರಹಕ್ಕೆ ಗೆಳೆಯರು ಯಾರಾದರೂ ತಮ್ಮ ಹೆಸರು ಹೊದಿಸುತ್ತಿದ್ದರು. ಅವಳಿಗೆ ಹೊದಿಸಿದವನು ಡಾಕ್ಟರೇಟ್ ಮಾಡಿ ರಷ್ಯನ್ ಪಾಠ ಹೇಳುತ್ತಿದ್ದ ಡಾಕ್ಟರ್ ರಾದೊವಾನ್ ಶ್ಪಿಚ್ಕಾ. ಸಿಕ್ಕಿಬಿದ್ದರೆ ಅವನ ಕೆಲಸವೂ ಹೋಗುತ್ತಿತ್ತು. ಅಲ್ಲಿಯವರೆಗೆ ದೊಡ್ಡ ಮನುಷ್ಯನೇ.

ಸರ್ಕಾರ ಬಿತ್ತು. ಬೇರೆಯವರೆಲ್ಲ ಎರವಲು ಕೊಟ್ಟ ಹೆಸರನ್ನು ವಾಪಸು ತೆಗೆದುಕೊಂಡರು, ಬರೆದವರ ಹೆಸರು ಮುಖಪುಟಕ್ಕೆ ಬಂತು. ರಾದೊವಾನ್ ಮಾತ್ರ ತೆಪ್ಪಗಿದ್ದ. ಅಷ್ಟರಲ್ಲಿ ದೇಶದ ಮಕ್ಕಳೆಲ್ಲ ರಷ್ಯನ್ ಬಿಟ್ಟು ಇಂಗ್ಲಿಷಿಗೆ ಮುಗಿಬಿದ್ದಿದ್ದರು; ಪುಸ್ತಕವನ್ನು 'ಶ್ಪಿಚ್ಕಾ' ಎಂದೇ ಕೇಳಿ ಕೊಳ್ಳುತ್ತಿದ್ದರು. ಬೊಹ್ದಾನಾ ತನ್ನ ಹೆಸರು ಹಾಕಿಸಿ ಎಂದರೆ "ಇನ್ನೊಂದು ವರ್ಷ ತಾಳಿ" ಎಂದ. ಮರುವರ್ಷವೂ ಅದನ್ನೇ ಅಂದ. ಬೊಹ್ದಾನಾ ಪ್ರಕಾಶಕರ ಬಳಿ ಹೋದರೆ ಅವರು ಕೈಬರಹದ ಪ್ರತಿ ತೋರಿಸಿ ಎಂದರು. ಅದನ್ನು ಪೊಲೀಸರ ಭಯಕ್ಕೆ ಅವಳೇ ಬಾಯ್ಲರಿಗೆ ಹಾಕಿದ್ದಳು.

ಒಂದು ಭಾನುವಾರ ರಾದೊವಾನ್ ಹೆಂಡತಿ ಮಾಡಿದ ಕೇಕು ಹಿಡಿದು ಬಂದ. ಎಲ್ಲರಂತೆ ಬಾಗಿಲಲ್ಲೇ ಬೂಟು ಕಳಚಿ, ಬಂದವರಿಗೆ ಮನೆಯವರು ಕೊಡುವ ಒಳಚಪ್ಪಲಿಗಾಗಿ ಕಾದ. ಬೊಹ್ದಾನಾ ಕೊಡಲಿಲ್ಲ. ಹರಿದ ಕಾಲುಚೀಲದಲ್ಲಿ ತಣ್ಣನೆಯ ಕಲ್ಲಿನ ಮೇಲೆ ನಿಂತಿರುವ ಡಾಕ್ಟರನ್ನು ನೋಡಿ ಅವಳಿಗೆ ಹಿತವಾಯಿತು.

"ಹೊಸ ಆವೃತ್ತಿ ಕೇಳ್ತಿದಾರೆ ಬೊಹ್ದಾನಾ. ಇನ್ನಷ್ಟು ಪದ ಸೇರಿಸ್ಬೇಕಂತೆ. ನೀವು ಬರ್ಕೊಟ್ರೆ..."

"ಯಾರ ಹೆಸರಲ್ಲಿ?"

"ಜನಕ್ಕೆ ನನ್ನ ಹೆಸರೇ ರೂಢಿಯಾಗ್ಬಿಟ್ಟಿದೆ, ನೋಡಿ. ಮುನ್ನುಡಿಯಲ್ಲಿ ನಿಮ್ಮನ್ನ ನೆನೀತೀನಿ."

"ಪುಸ್ತಕ ನಿಮ್ಮದು ತಾನೇ ಡಾಕ್ಟರೇ? ನೀವೇ ಬರೀರಿ. ಮೊದಲನೇದನ್ನ ಬರೆದೋರಿಗೆ ಇದೇನು ಮಹಾ!"

"ಹಳೇದನ್ನೆಲ್ಲ ಮನಸ್ಸಲ್ಲಿಟ್ಕೋಬೇಡಿ."

"ಛೆ ಛೆ, ಇಟ್ಕೊಂಡಿಲ್ಲ. ಕೇಕು ತಗೊಂಡ್ಹೋಗಿ. ಬೂಟು ಅಲ್ಲೇ ಇದೆ."

ಅವನು ಬರೆದ. ಎಲ್ಲ ಹೊಸದಾಗಿ ಕಾಣಲೆಂದು ಅವಳ ಹಳೆಯ ಪುಟಗಳಿಗೂ ಕೈ ಹಾಕಿದ. 'ನೇಲ್' ಎಂಬಲ್ಲಿ ಬಡಗಿಯೊಬ್ಬ ಬಾಗಿಲಿಗೆ ಉಗುರು ಹೊಡೆಯುತ್ತಿದ್ದ. ಶಾಲೆ ಶಾಲೆಯಲ್ಲೂ ಮೇಷ್ಟ್ರುಗಳು ಬಿದ್ದು ಬಿದ್ದು ನಕ್ಕರು, ಪತ್ರಿಕೆಗಳು ಅವನ ಮಾನ ಹರಾಜು ಹಾಕಿದವು. ಬೊಹ್ದಾನಾ ಆ ತುಣುಕುಗಳನ್ನೆಲ್ಲ ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದಳು.

ಆಮೇಲೆ ರಾದೊವಾನ್ ಬಾಯಿ ಬಿಟ್ಟ. ಈ ಪುಸ್ತಕ ಮೊದಲಿನಿಂದಲೂ ಬೊಹ್ದಾನಾಳದು, ತಾನು ಪ್ರಾಣಭಯ ಬಿಟ್ಟು ಹೆಸರು ಹೊದಿಸಿದ್ದೆ ಅಷ್ಟೆ ಎಂದು ಪತ್ರಿಕೆಗೆ ಹೇಳಿದ. ಅವಳಿಗೂ ಫೋನು ಮಾಡಿದ. "ಕೊಟ್ಟಿದೀನಲ್ಲ ನಿಮ್ಮ ಹೆಸರು! ಕೇಳ್ತಿದ್ದಿದ್ದು ಅದನ್ನೇ ಅಲ್ವಾ?"

ನಾಚಿಕೆಗೆಟ್ಟವನು! ಪುಸ್ತಕಕ್ಕೆ ಮಾನವಿದ್ದಾಗ ಇಟ್ಟುಕೊಂಡದ್ದನ್ನು ಮಾನ ಹೋದ ಮೇಲೆ ಹಿಂದಿರುಗಿಸುತ್ತಿದ್ದ.

ಮಾರನೆಯ ದಿನ ಪತ್ರಿಕೆಯ ಹುಡುಗಿ ಬಂದಳು. ಬೊಹ್ದಾನಾ ಅವಳಿಗೆ ಚಪ್ಪಲಿ ಕೊಟ್ಟಳು, ಕಾಫಿ ಕೊಟ್ಟಳು.

"ಡಾಕ್ಟರ್ ಹೇಳಿದ್ದು ನಿಜಾನಾ ಮೇಡಂ? ನೀವು ಹೂಂ ಅಂದ್ರೆ ಸಾಕು, ಮುಂದಿನ ಸಲ ಪ್ರಕಾಶಕರು ನಿಮ್ಮ ಹೆಸರಲ್ಲೇ ತರ್ತಾರಂತೆ."

ಹೂಂ ಅಂದರೆ ಪುಸ್ತಕ ಅವಳದಾಗುತ್ತಿತ್ತು. ಆದರೆ ರಾದೊವಾನ್ ನಿಷೇಧಕ್ಕೊಳಗಾದವಳನ್ನು ಕಾಪಾಡಿದ ಧೀರನಾಗುತ್ತಿದ್ದ, ಉಗುರು ಹೊಡೆದ ಬಡಗಿಯನ್ನು ಜನ ಮರೆಯುತ್ತಿದ್ದರು. ಎರಡರಲ್ಲಿ ಒಂದು. ಬೊಹ್ದಾನಾ ಕಾಫಿ ಮುಗಿಸಿ ಲೋಟ ಕೆಳಗಿಟ್ಟಳು.

"ಪಾಪ, ಡಾಕ್ಟರಿಗೆ ವಯಸ್ಸಾಯ್ತು ಕಣಮ್ಮ. ನನಗೂ ಆ ಪುಸ್ತಕಕ್ಕೂ ಸಂಬಂಧವೇ ಇಲ್ಲ. ಅದರ ಒಂದೊಂದು ಅಕ್ಷರವೂ ಅವರದೇ. ಹೀಗೇ ಬರ್ಕೊಳಿ."

ಹುಡುಗಿ ಹಾಗೆಯೇ ಬರೆದುಕೊಂಡಳು.