ಮೊಲಕ್ಕೆ ಬಡಿಸಿದ ಹೋಳಿಗೆ

ಮಗಳಿಗೆಂದು ನನ್ನ ಗಂಡ ಉದಗೀರದ ಬಜಾರದಿಂದ ಮೊಲ ತಂದಂದಿನಿಂದ ತುರೋರಿಯ ನಮ್ಮ ಮನೆಯಲ್ಲಿ ನನ್ನ ಬಾಯಿಗೆ ಬಿಡುವಿಲ್ಲ. ಅದಕ್ಕೆ ಏನು ಹಾಕಬೇಕು ಎನ್ನುವುದಕ್ಕಿಂತ ಏನು ಹಾಕಬಾರದು ಎನ್ನುವುದೇ ದೊಡ್ಡ ಕಥೆ. ಉಮರ್ಗಾದ ದನದ ಡಾಕ್ಟರರು ಮೊದಲ ಸಲವೇ ಹೇಳಿದ್ದರು: ಹುಲ್ಲು, ಒಣಹುಲ್ಲು, ನೀರು, ಉಳಿದದ್ದನ್ನು ಕೇಳಿ ಹಾಕಿರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೇಡವೇ ಬೇಡ. ಟೊಮ್ಯಾಟೊ ಹಣ್ಣಿನ ಚೂರು ನಡೆದೀತು, ಅದರ ಎಲೆ, ದಂಟು ಸಲ್ಲವು. ಮೊಳಕೆ ಬಂದ ಬಟಾಟೆಯ ಹತ್ತಿರವೂ ಬಿಡಬೇಡಿ. ರೊಟ್ಟಿ, ಬಿಸ್ಕೀಟು, ಬೆಲ್ಲ, ಬೇಳೆ ಅದರ ಹೊಟ್ಟೆಗೆ ಆಗಿಬರುವುದಿಲ್ಲ. ಓಣಿಯ ಹೆಂಗಸರು ಪ್ರೀತಿಯಿಂದ ಉಳ್ಳಾಗಡ್ಡಿ ಸಿಪ್ಪೆ, ನಿನ್ನೆಯ ರೊಟ್ಟಿ ತಂದರೆ ನಾನು ಬಾಗಿಲಿಂದಲೇ ತಿರುಗಿ ಕಳಿಸುತ್ತಿದ್ದೆ. "ಬಾಣಂತಿಗಿ ಸೈತ ಇಷ್ಟು ಪಥ್ಯ ಇಲ್ಲ ನೋಡವಾ" ಎಂದು ನಕ್ಕರು. ನಗಲಿ, ನನಗೇನು!

ಅಂಗಳದ ಕಣಗಿಲೆಯನ್ನು ಕಡಿಸಬೇಕು ಎಂದಾಗ ಮಾವ ಜಗಳಕ್ಕೆ ಬರುತ್ತಾರೆಂದೇ ತಿಳಿದಿದ್ದೆ. ದಿನಾ ಅವರ ಲಿಂಗಪೂಜೆಗೆ ಅದರದೇ ಹೂ. ಅವರು ತಾವೇ ಕೊಡಲಿ ತಂದರು. "ಕಣಗಲಾ ತಿಂದ್ರ ಎತ್ತೇ ಉಳಿಯಲ್ಲ, ಇದು ಎಲ್ಲಿಂದು?" ಎಂದರು. ಬೇಲಿಯ ಎಕ್ಕೆಯನ್ನೂ ಕಿತ್ತರು. ಎಳೆ ಜೋಳದ ಸುಳಿ ಮೇಯ್ದು ದನ ಬಿದ್ದದ್ದನ್ನು ಕಣ್ಣಾರೆ ಕಂಡ ಒಕ್ಕಲಿಗರು ಅವರು. ಗಿಡದ ವಿಷವನ್ನು ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಆದರೆ ಒಲೆಯ ಮೇಲೆ ಬೆಂದ ಅನ್ನವೂ ಒಂದು ಜೀವಕ್ಕೆ ಕೆಡುಕು ಮಾಡುತ್ತದೆ ಎಂದರೆ ಅವರ ತಲೆಗೆ ಹೋಗುತ್ತಿರಲಿಲ್ಲ. "ಇಸ ಅಂದ್ರ ತಿಳೀತದ. ರೊಟ್ಟಿ ಇಸ ಹ್ಯಾಂಗ ಆಗ್ತದ, ನೀನೇ ಹೇಳು?" ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ನಾವು ಎತ್ತುಗಳನ್ನು ಜಳಕೋಟದ ಕಡೆಯವರಿಗೆ ಮಾರಿದ್ದೆವು. ಟ್ರ್ಯಾಕ್ಟರ್ ಬಾಡಿಗೆಗೆ ಸಿಗುತ್ತದೆ, ಮಾವನ ಮೊಣಕಾಲು ಮೊದಲಿನಂತಿಲ್ಲ. ಆಗ ಯಾರೂ ಏನೂ ಅನ್ನಲಿಲ್ಲ. ಶ್ರಾವಣದ ಅಮಾವಾಸ್ಯೆಗೆ ಎತ್ತಿನ ಹಬ್ಬ ಪೋಳಾ ಬಂದಾಗ ಕೊಟ್ಟಿಗೆ ಬರಿದಾಗಿದ್ದು ಎಲ್ಲರಿಗೂ ಚುಚ್ಚಿತು. ಆ ದಿನ ಎತ್ತಿಗೆ ಹೋಳಿಗೆ ತಿನ್ನಿಸದೆ ನಮ್ಮ ಮನೆಯಲ್ಲಿ ಯಾರೂ ತಟ್ಟೆಗೆ ಕೈ ಹಚ್ಚುವುದಿಲ್ಲ. ನಾನು ದೇವರ ಜಗುಲಿಯ ಮೇಲೆ ಮಣ್ಣಿನ ಎತ್ತು ಇಟ್ಟಿದ್ದೆ. ಮಾವ ಅದನ್ನು ನೋಡಿ, "ಇದು ಬಾಯಿ ತೆರೀತದೇನು?" ಎಂದರು. ನಾನು ಒಲೆಯ ಮುಂದೆ ಬೆವರುತ್ತ ಹೋಳಿಗೆ ಲಟ್ಟಿಸುತ್ತಲೇ ಇದ್ದೆ.

ಹೋಳಿಗೆ ಮುಗಿಸಿ ಹೊರಗೆ ಬಂದರೆ ಮೊಲದ ಹಣೆಗೆ ಭಸ್ಮ, ಮೀಸೆಗೆಲ್ಲ ತುಪ್ಪ. ಅರ್ಧ ಹೋಳಿಗೆ ಆಗಲೇ ಹೊಟ್ಟೆ ಸೇರಿತ್ತು. ಮಾವ ಅದರ ಮುಂದೆ ಕೈಮುಗಿದು ಕೂತಿದ್ದರು.

"ಅಯ್ಯಯ್ಯೋ, ಏನ ಮಾಡಿದ್ರೀ ಮಾವಾ?"

"ಮನ್ಯಾಗಿನ ಮೂಕ ಜೀವ ಮೊದಲ ಉಣ್ಣಬೇಕಲಾ. ಎಷ್ಟು ಚಂದ ತಿಂತು ನೋಡು!"

ಉಳಿದರ್ಧ ಕಸಿದುಕೊಂಡೆ. ಸಂಜೆಗೆ ಮೊಲ ಮೂಲೆ ಹಿಡಿಯಿತು. ಹುಲ್ಲು ಮೂಸಲಿಲ್ಲ, ಹಿಕ್ಕೆ ಹಾಕಲಿಲ್ಲ, ಮುದುಡಿ ಕೂತು ಹಲ್ಲು ಕಡಿಯಿತು. ಬೆಳಗಾದ ಕೂಡಲೇ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಗಂಡನ ಬೈಕಿನಲ್ಲಿ ಉಮರ್ಗಾಕ್ಕೆ ಹೋದೆ. "ಪುರಣಪೋಳಿ? ಸಶಾಲಾ?" ಮೊಲಕ್ಕೆ ಹೋಳಿಗೆಯೇ ಎಂದು ಡಾಕ್ಟರರು ಮರಾಠಿಯಲ್ಲಿ ಕೇಳಿ ಹಣೆ ಚಚ್ಚಿಕೊಂಡರು. ಹೊಟ್ಟೆ ಉಬ್ಬಿದೆ, ಕರುಳು ಕೆಲಸ ನಿಲ್ಲಿಸಿದೆ ಎಂದು ಸೂಜಿ ಹಾಕಿ, ಔಷಧ ಕೊಟ್ಟರು. "ತಾನಾಗಿ ತಿಂದ್ರ ಉಳೀತದ ತಾಯಿ. ಇಲ್ಲಂದ್ರ ಇಲ್ಲ."

ಮನೆಗೆ ಬಂದು ಮಾವನಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಮಗಳು ಬುಟ್ಟಿಯನ್ನು ಅಪ್ಪಿಕೊಂಡು, "ಮುತ್ಯಾ, ಇದು ಸತ್ರ ನಾ ನಿನ್ನ ಜೋಡಿ ಮಾತಾಡಲ್ಲ" ಎಂದಳು. ಮಾವ ಹೋಗಿ ಬುಟ್ಟಿಯ ಪಕ್ಕ ಕೂತರು. ಮಧ್ಯಾಹ್ನ ಊಟಕ್ಕೆ ಕರೆದರೆ ಏಳಲಿಲ್ಲ.

"ಅದು ಉಂಡ ಮ್ಯಾಲ ನಾ ಉಣ್ತೀನಿ."

"ಪೋಳಾ ಮುಗದದರೀ ಮಾವಾ."

"ನನಗ ಮುಗದಿಲ್ಲ."

ಅವರಿಗೆ ಸಕ್ಕರೆ ಬೇನೆ. ಉಂಡೇ ಗುಳಿಗೆ ನುಂಗಬೇಕು. ನನಗೆ ಸಿಟ್ಟು ನೆತ್ತಿಗೇರಿತು. "ಇಬ್ಬರೂ ಕೂಡಿ ನನ್ನ ಜೀವಾ ತಿನ್ಲತ್ತೀರಿ!" ಎಂದು ಕೂಗಾಡಿದೆ. ಗಂಡ ಗದರಿಸಿದ, ಕಾಲು ಹಿಡಿದ, ಉಪಯೋಗವಾಗಲಿಲ್ಲ. ಮರುದಿನ ಬೆಳಿಗ್ಗೆ ಮಾವ ಚಹವನ್ನೂ ಮುಟ್ಟಲಿಲ್ಲ. ಕರಕಿ ಹುಲ್ಲಿನ ಎಸಳನ್ನು ಮೊಲದ ಮೂತಿಯ ಹತ್ತಿರ ಹಿಡಿದುಕೊಂಡು ಕೂತೇ ಇದ್ದರು. ನಾನು ಮೊಲದ ಬಾಯಿಗೆ ಔಷಧ ಬಿಟ್ಟು, ಹೊಟ್ಟೆ ನೀವಿ ಒಳಗೆ ಬರುತ್ತಿದ್ದೆ. ನಿಜ ಹೇಳುತ್ತೇನೆ, ಆಗ ನನ್ನ ಹೆದರಿಕೆಯೆಲ್ಲ ಮೊಲದ್ದಲ್ಲ, ಮಾವನದು. ಸಿಟ್ಟಿನಷ್ಟೇ ಅಂತಃಕರಣವೂ ಇತ್ತು, ಬಾಯಲ್ಲಿ ಮಾತ್ರ ಸಿಟ್ಟೇ ಬರುತ್ತಿತ್ತು.

ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಮಾವ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಕೈ ತೊಳೆದುಕೊಂಡು, ತಾವೇ ತಟ್ಟೆ ತೆಗೆದು ಮುಂದಿಟ್ಟುಕೊಂಡು ಕೂತರು. ಹೊರಗೆ ಮಗಳು ನಗುವುದು ಕೇಳಿಸಿತು. ನನ್ನ ಕಣ್ಣು ತುಂಬಿ ಹಂಚಿನ ಮೇಲಿನ ರೊಟ್ಟಿ ಕಾಣಲಿಲ್ಲ, ಸೀದು ಕಪ್ಪಾಯಿತು.

"ಅದನ್ನೇ ಹಾಕವಾ" ಎಂದರು ಮಾವ. "ಭಾಳ ಹಸಿವಿ ಆಗ್ಯದ."