ಭಾರದ ಲಾರಿಗಳಿಗೆ ಹೂಂ ಅನ್ನುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಂಜು ಮೊಣಕಾಲೆತ್ತರಕ್ಕೆ ಬಯಲಿನ ಉದ್ದಕ್ಕೂ ಹಾಸಿಕೊಂಡಿದೆ. ದೂರದಲ್ಲಿ ಲಾರಿಯೊಂದರ ಮೇಲ್ಭಾಗ ಮಾತ್ರ ತೇಲುತ್ತ ಹೋಗುತ್ತಿದೆ. ಗಾಲಿಯಿಲ್ಲ, ರಸ್ತೆಯಿಲ್ಲ, ಸದ್ದೂ ಇಲ್ಲ. ಮೇಲೆಲ್ಲೋ ದಕ್ಷಿಣಕ್ಕೆ ಹೊರಟ ಹೆಬ್ಬಾತುಗಳ ಕೂಗು. ಜಲ್ಲಿ ರಸ್ತೆಯ ನಡುವೆಯೇ ಪಿಕಪ್ ನಿಲ್ಲಿಸಿ ಆರ್ಲಿಸ್ ಟ್ವೈಟ್ ಕೆಳಗಿಳಿಯುತ್ತಾರೆ. ಕೈಯಲ್ಲಿ ಕಬ್ಬಿಣದ ಸಲಾಕೆ. ರಸ್ತೆಯ ಅಂಚಿಗೆ ಹೋಗಿ ಅದನ್ನು ನೆಲಕ್ಕೆ ಊರಿ, ಮೈಭಾರವನ್ನೆಲ್ಲ ಬಿಟ್ಟು ಒತ್ತುತ್ತಾರೆ. ಸಲಾಕೆ ಒಂದಿಷ್ಟು ಇಳಿದು ನಿಂತುಬಿಡುತ್ತದೆ.

"ಒಳಗೆ ಗಟ್ಟಿ ಇದೆ," ಅನ್ನುತ್ತಾರೆ, ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದಿರುವ ನನಗೆ. "ಮೇಲೆ ಮಾತ್ರ ಇಬ್ಬನಿ. ನಿಮ್ಮ ಬೂಟ್ಸು ಗಲೀಜಾಯ್ತಲ್ಲ, ಅದು ಲೆಕ್ಕಕ್ಕಿಲ್ಲ ಬಿಡಿ."

ಉತ್ತರ ಮಿನೆಸೊಟಾದ ನಮ್ಮ ಸ್ಟೋರ್ಲಿ ಕೌಂಟಿಯ ರಸ್ತೆ ಕಚೇರಿಯಲ್ಲಿ ಆರ್ಲಿಸ್ ಪರ್ಮಿಟ್ ಕೊಡುವಾಕೆ. ಫಸಲು ತುಂಬಿಕೊಂಡ ಲಾರಿ ಮಿತಿಗಿಂತ ಭಾರವಾಗಿದ್ದರೆ ಅದು ಯಾವ ರಸ್ತೆಯಲ್ಲಿ ಹೋಗಬಹುದು, ಯಾವ ಮೋರಿಯ ಮೇಲೆ ಹೋಗಕೂಡದು ಎಂದು ಹೇಳುವವರು ಅವರೇ. ಹೆದ್ದಾರಿಯ ಪರವಾನಗಿ ರಾಜ್ಯದಿಂದ ಬರುತ್ತದೆ, ಅದಕ್ಕೆ ದೊಡ್ಡ ಕಚೇರಿ, ದೊಡ್ಡ ಸಾಹೇಬರು ಇದ್ದಾರೆ. ಆದರೆ ಯಾರ ಹೊಲವೂ ಹೆದ್ದಾರಿಯ ಮೇಲಿರುವುದಿಲ್ಲವಲ್ಲ. ಹೊಲದಿಂದ ಹೆದ್ದಾರಿಯವರೆಗಿನ ಆ ಜಲ್ಲಿ ದಾರಿ ಆರ್ಲಿಸ್ ಅವರದು. ಅಲ್ಲಿ ಸಿಕ್ಕಿಹಾಕಿಕೊಂಡ ಲಾರಿ ರಾಜ್ಯದ ಕಾಗದವನ್ನು ತೋರಿಸಿದರೂ ಕೆಸರು ದಾರಿ ಬಿಡುವುದಿಲ್ಲ.

ಅಕ್ಟೋಬರ್ ಎಂದರೆ ಇಲ್ಲಿ ಸಕ್ಕರೆ ಬೀಟಿನ ಸುಗ್ಗಿ. ಕುಂಬಳದಷ್ಟಲ್ಲದಿದ್ದರೂ ಮಗುವಿನ ತಲೆಯಷ್ಟು ದಪ್ಪದ ಬಿಳಿ ಗೆಡ್ಡೆ. ಅಗೆದು, ಲಾರಿಗೆ ಸುರಿದು, ಕಾರ್ಖಾನೆಯ ಕಣಕ್ಕೆ ಒಯ್ದು ಬೆಟ್ಟದ ಹಾಗೆ ರಾಶಿ ಹಾಕಬೇಕು. ಗಟ್ಟಿ ಹಿಮಗಟ್ಟುವ ಚಳಿ ಬೀಳುವುದರೊಳಗೆ ಮುಗಿಸಬೇಕು. ಗೆಡ್ಡೆ ನೆಲದಲ್ಲೇ ಹೆಪ್ಪುಗಟ್ಟಿ ಆಮೇಲೆ ಕರಗಿತೋ, ಕಣದವರು ಮುಟ್ಟುವುದಿಲ್ಲ, ವರ್ಷದ ದುಡಿಮೆ ಹೊಲದಲ್ಲೇ ಕೊಳೆಯುತ್ತದೆ. ಹಾಗಾಗಿ ಈ ತಿಂಗಳು ಆರ್ಲಿಸ್ ಅವರ ಫೋನು ಮೇಜಿನ ಮೇಲೆ ಕೂರುವುದೇ ಅಪರೂಪ. ಊಟ ಪಿಕಪ್ಪಿನಲ್ಲೇ, ಮಾಂಸ, ಆಲೂಗೆಡ್ಡೆ ಒಟ್ಟಿಗೆ ಬೇಯಿಸಿ ಡಬ್ಬಿಗೆ ಹಾಕಿದ, ತಣ್ಣಗಾದ ಹಾಟ್‌ಡಿಶ್.

ಇಲ್ಲ ಎಂದವರನ್ನು ಯಾರೂ ಹೊಗಳುವುದಿಲ್ಲ. ಒಂದು ವಸಂತದಲ್ಲಿ, ನೆಲದೊಳಗಿನ ಹಿಮ ಕರಗಿ ರಸ್ತೆಗಳೆಲ್ಲ ಮೆತ್ತಗಾಗಿದ್ದಾಗ, ಆರ್ಲಿಸ್ ಸ್ವಂತ ತಮ್ಮನ ಆಲೂಗೆಡ್ಡೆ ಲಾರಿಗೂ ಪರ್ಮಿಟ್ ಕೊಡಲಿಲ್ಲ. "ಜಗಳ ಗಿಗಳ ಏನೂ ಆಗ್ಲಿಲ್ಲ. ಆ ವರ್ಷ ಕ್ರಿಸ್‌ಮಸ್ಸಿಗೆ ಅವನು ಬರ್ಲಿಲ್ಲ, ಅಷ್ಟೆ. ಲೆಫ್ಸೆ ಮಾತ್ರ ಕಳಿಸ್ದ," ಎಂದು ನಗುತ್ತಾರೆ. "ಆಲೂಗೆಡ್ಡೆ ರೊಟ್ಟಿ! ಅದೇ ಲಾರೀದೋ ಏನೋ, ಕೇಳಕ್ಕೆ ಧೈರ್ಯ ಬರ್ಲಿಲ್ಲ."

ಇಲ್ಲಿಯವರು ಜಗಳವಾಡುವುದಿಲ್ಲ, ನಿಜ. ಬಾಯಿಬಿಟ್ಟು ಕೇಳುವುದೂ ಇಲ್ಲ, ಬಾಯಿಬಿಟ್ಟು ಬೇಡ ಎನ್ನುವುದೂ ಇಲ್ಲ. ಕಾಫಿ ಬೇಕೇ ಎಂದರೆ ಮೊದಲ ಸಲ "ಬೇಡ, ಈಗ್ತಾನೆ ಆಯ್ತು." ಎರಡನೆಯ ಸಲ "ಅಯ್ಯೋ, ಸುಮ್ನೆ ಯಾಕೆ ತೊಂದರೆ." ಮೂರನೆಯ ಸಲ ಕೇಳಿದರೆ "ಸರಿ, ಅರ್ಧ ಲೋಟ ಇರ್ಲಿ." ಆ ಮೂರನೆಯದೇ ನಿಜವಾದ ಉತ್ತರ. ಮೊದಲನೆಯದನ್ನು ನಂಬಿ ಎದ್ದುಬಂದರೆ ಅವರಿಗೂ ಬೇಸರ, ನಮಗೂ ಕಾಫಿಯಿಲ್ಲ. ನಾನು ಇಲ್ಲಿಗೆ ಬಂದ ಹೊಸತರಲ್ಲಿ ಇದು ಗೊತ್ತಾಗದೆ ಎಷ್ಟು ಮನೆಗಳಿಂದ ಒಣ ಬಾಯಲ್ಲಿ ಹಿಂತಿರುಗಿದ್ದೇನೋ ದೇವರೇ ಬಲ್ಲ.

ಪರ್ಮಿಟ್ಟಿಗೂ ಇದೇ ರಿವಾಜು. ಭಾರದ ಲಾರಿಗಳು ಹೊಸ ದಾರಿ ಹಿಡಿಯುವುದಾದರೆ ಆರ್ಲಿಸ್ ಆ ದಾರಿಯ ಮನೆಗಳಿಗೆ ಹೋಗಿ ಕೇಳುತ್ತಾರೆ. ಕಾನೂನಿನಲ್ಲಿ ಇದೇನೂ ಇಲ್ಲ. ದೂಳು, ಸದ್ದು, ಅಲುಗುವ ಕಿಟಕಿಗಳ ನಡುವೆ ಬದುಕಬೇಕಾದವರನ್ನು ಒಂದು ಮಾತು ಕೇಳದೆ ಇರುವುದು ಹೇಗೆ ಎಂಬುದು ಅವರ ವಾದ. ಬಾಗಿಲಲ್ಲಿ ಒಮ್ಮೆ, ಕಾಫಿ ಕುಡಿಯುತ್ತ ಒಮ್ಮೆ, ಹೊರಡುವಾಗ ಒಮ್ಮೆ. ಮೂರನೆಯ ಉತ್ತರ ಸಿಗದೆ ಸಹಿ ಹಾಕುವುದಿಲ್ಲ.

ಈ ಸುಗ್ಗಿಯಲ್ಲಿ ಮಾತ್ರ ಅದು ತಪ್ಪಿಹೋಗಿದೆ. ಮಳೆಗೆ ಹಳ್ಳದ ಮೇಲಿನ ಮರದ ಸೇತುವೆ ಒಂದು ಕಡೆ ಕುಸಿದು, ವೆಂಡೆಲ್ ಕ್ವಾಮಿ ಎಂಬ ರೈತನ ಹೊಲಕ್ಕೆ ಇದ್ದ ನೇರ ದಾರಿ ಮುಚ್ಚಿದೆ. ಉಳಿದಿರುವುದು ನಾವು ಈಗ ನಿಂತಿರುವ ಈ ರಸ್ತೆ. ಇದು ಹೊಯ್ಲಂಡ್ ದಂಪತಿಯ ಮನೆಯ ಮುಂದೆಯೇ ಹಾಯುತ್ತದೆ. ಆ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದಲ್ಲಿ, ವರ್ನ್ ಹೊಯ್ಲಂಡ್ ಮಲಗಿದ್ದಾರೆ. ಮತ್ತೆ ಎದ್ದು ಓಡಾಡುವ ಆಸೆಯನ್ನು ವೈದ್ಯರು ಬಿಟ್ಟಾಗಿದೆ. ನೋವು ಕಡಿಮೆ ಮಾಡಲು ನರ್ಸ್ ಒಬ್ಬಳು ಬಂದು ಹೋಗುತ್ತಾಳೆ. ಸುಗ್ಗಿಯ ಗಡಿಬಿಡಿಯಲ್ಲಿ ಆರ್ಲಿಸ್, ವರ್ನ್ ಅವರ ಹೆಂಡತಿ ಡೆಲೋರಿಸ್‌ರನ್ನು ಫೋನಿನಲ್ಲಿ ಕೇಳಿದರು. ಒಂದೇ ಸಲ. "ಅಯ್ಯೋ, ಹೋಗ್ಲಿ ಬಿಡು, ನಮಗೇನೂ ತೊಂದರೆ ಇಲ್ಲ" ಎಂದು ಉತ್ತರ ಬಂತು.

"ಮೊದಲ್ನೇ ಉತ್ತರ ಅದು. ಅದರರ್ಥ ತೊಂದರೆ ಇದೆ ಅಂತ," ಅನ್ನುತ್ತಾರೆ ಆರ್ಲಿಸ್. "ಸಾಯೋ ಮನುಷ್ಯನ ತಲೆದಿಂಬಿನ ಹತ್ರ ಲಾರಿ ಗುಡುಗೋದು ಅಂದ್ರೆ ಏನು! ಅದಕ್ಕೆ ಅರ್ಧಂಬರ್ಧ ಹೂಂ ಅಂದೆ."

ಅಂದರೆ, ವೆಂಡೆಲನ ಲಾರಿಗಳು ಹೋಗಬಹುದು, ಆದರೆ ಹೆಚ್ಚುವರಿ ಭಾರ ಹೊರುವಂತಿಲ್ಲ, ಆ ಮನೆಯ ಮುಂದೆ ನಡಿಗೆಯ ವೇಗದಲ್ಲಿ ಸಾಗಬೇಕು. ಕರುಣೆಯ ಮಾತೇನೋ ಸರಿ. ಆದರೆ ಲಾರಿ ಪೂರ್ತಿ ತುಂಬದಿದ್ದರೆ ಸುತ್ತು ಹೆಚ್ಚು, ನಿಧಾನ ಹೋದರೆ ದಿನ ಸಾಲದು. ಶನಿವಾರಕ್ಕೆ ಗಟ್ಟಿ ಚಳಿ ಎಂದು ರೇಡಿಯೋ ಹೇಳುತ್ತಿದೆ, ವೆಂಡೆಲನ ದೊಡ್ಡ ಹೊಲ ಇನ್ನೂ ಹಾಗೆಯೇ ಇದೆ. ನಿನ್ನೆ ಅವನು ಕಚೇರಿಗೆ ಬಂದಿದ್ದನಂತೆ. ಟೊಪ್ಪಿ ತೆಗೆದು ಕಿಟಕಿಯಾಚೆ ನೋಡುತ್ತ ನಿಂತನಂತೆ.

"ಚಳಿ ಬರೋ ಹಂಗಿದೆ," ಎಂದನಂತೆ.

"ಹೂಂ, ಬರೋ ಹಂಗಿದೆ."

"ಬಂದ್ರೆ ಬರುತ್ತೆ ಬಿಡು."

ಅಷ್ಟು ಹೇಳಿ ಹೋದನಂತೆ. ಗೊತ್ತಿಲ್ಲದವರಿಗೆ ಇದು ಹವಾಮಾನದ ಮಾತು. ನಮ್ಮ ಕಡೆ ಇದು ಕಾಲಿಗೆ ಬಿದ್ದು ಅತ್ತ ಹಾಗೆ. ಆರ್ಲಿಸ್‌ಗೆ ರಾತ್ರಿ ನಿದ್ದೆ ಬಂದಿಲ್ಲ. ಅದಕ್ಕೇ ಇಷ್ಟು ಬೆಳಿಗ್ಗೆ ಇಲ್ಲಿ ಇದ್ದೇವೆ.

ರಸ್ತೆಯ ಕೊನೆಯವರೆಗೂ ಅಲ್ಲಲ್ಲಿ ಸಲಾಕೆ ಊರಿ ನೋಡಿ, ಮಂಜು ಕರಗುವ ಹೊತ್ತಿಗೆ ಹೊಯ್ಲಂಡ್ ಮನೆಯ ಅಡುಗೆಮನೆಯಲ್ಲಿ ಕೂರುತ್ತೇವೆ. ಡೆಲೋರಿಸ್ ತೆಳ್ಳಗಿನ ಹೆಂಗಸು, ಕಣ್ಣ ಕೆಳಗೆ ಕಪ್ಪು. ಬಾಗಿಲಲ್ಲೇ ಆರ್ಲಿಸ್ ಕೇಳುತ್ತಾರೆ, "ಲಾರಿಗಳಿಂದ ತೊಂದರೆ ಆಗ್ತಿದ್ಯಾ?"

"ಇಲ್ಲಪ್ಪ. ಏನೂ ಇಲ್ಲ."

ಕಾಫಿ ಬರುತ್ತದೆ. ನಾನು ಎರಡು ಸಲ ಬೇಡ ಅನ್ನುತ್ತೇನೆ, ಅರ್ಧ ಲೋಟ ಕುಡಿಯುತ್ತೇನೆ. ಆರ್ಲಿಸ್ ಮತ್ತೆ ಕೇಳುತ್ತಾರೆ, "ನಿಜ ಹೇಳು. ಬೇಡ ಅಂದ್ರೆ ಬೇಡ. ವೆಂಡೆಲ್ ಏನೂ ಅನ್ಕೊಳಲ್ಲ."

"ಅವನ ಬೀಟು ಅವನು ಸಾಗಿಸ್ಬೇಡ್ವಾ? ನಮಗೋಸ್ಕರ ಯಾಕೆ..." ಡೆಲೋರಿಸ್ ಎದ್ದು ಸಿಂಕಿನ ಕಡೆ ಹೋಗುತ್ತಾರೆ. ಹೊರಗೆ ಲಾರಿಯೊಂದು ಬರುತ್ತದೆ. ಮನೆ ಹತ್ತಿರವಾದಂತೆ ಅದರ ಸದ್ದು ಸಣ್ಣಗಾಗಿ, ತೆವಳುತ್ತ, ಕದ್ದು ಹೋಗುವವರಂತೆ ದಾಟುತ್ತದೆ. ಪಕ್ಕದ ಕೋಣೆಯಲ್ಲಿ ಮಂಚ ಕಿರುಗುಟ್ಟುತ್ತದೆ.

ಆರ್ಲಿಸ್ ಕೋಟು ಹಾಕಿಕೊಳ್ಳುತ್ತಾರೆ. ಗುಂಡಿ ಹಾಕುತ್ತ, ಮುಖ ನೋಡದೆ, ಮೂರನೆಯ ಸಲ ಕೇಳುತ್ತಾರೆ. "ನಿಲ್ಲಿಸ್ಲೇನೇ, ಡೆಲೋರಿಸ್?"

ಡೆಲೋರಿಸ್ ಕೈಯಲ್ಲಿದ್ದ ಬಟ್ಟೆ ಕೆಳಗಿಡುತ್ತಾರೆ.

"ನಿಲ್ಲಿಸ್ಬೇಡ. ನಿಧಾನ ಹೋಗೋದನ್ನ ನಿಲ್ಲಿಸು. ಅವ್ನು ಮಲಗಿದಲ್ಲೇ ಕಿವಿ ಕೊಟ್ಕೊಂಡಿರ್ತಾನೆ ಕಣೇ. ಪ್ರತಿ ಲಾರಿಗೂ 'ಯಾಕೆ ಹೆದರ್ತಾರೆ ಡೆಲೋರಿಸ್, ನನ್ ರಸ್ತೆ ಕುಸೀತಾ?' ಅಂತಾನೆ. ಇಲ್ಲ ಅಂದ್ರೆ ನಂಬಲ್ಲ. 'ತುಂಬ್ಕೊಂಡೂ ಬರ್ತಿಲ್ಲ, ಖಾಲಿ ಸದ್ದು, ನಂಗೊತ್ತಾಗಲ್ವಾ' ಅಂತಾನೆ. ನಾಲ್ಕು ದಿನದಿಂದ ಕಣ್ಣು ಮುಚ್ಚಿಲ್ಲ ಅವ್ನು."

ಆರ್ಲಿಸ್ ಹಾಕಿದ ಗುಂಡಿ ಬಿಚ್ಚಿ ಮತ್ತೆ ಕುರ್ಚಿಯ ಮೇಲೆ ಕೂರುತ್ತಾರೆ. ವರ್ನ್ ಯಾರೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಇದು ಹೊಳೆದಿರಲಿಲ್ಲ ಅಷ್ಟೆ. ವರ್ನ್ ಹೊಯ್ಲಂಡ್ ಕೌಂಟಿಯ ಗ್ರೇಡರ್ ಓಡಿಸುತ್ತಿದ್ದವರು. ಜಲ್ಲಿ ಹರಡಿ ಸಮ ಮಾಡುವ ಆ ಯಂತ್ರದ ಮೇಲೆ ಕೂತು ಈ ರಸ್ತೆಯನ್ನು ನೆಲಮಟ್ಟದಿಂದ ಎತ್ತಿದವರು, ಆಯಸ್ಸಿನ ಬಹುಪಾಲು ಇದನ್ನೇ ಕಾಯ್ದವರು. ಊರೆಲ್ಲ ಸೇರಿ ಅವರಿಗೆ ನೆಮ್ಮದಿ ಕೊಡಲು ಹೋಗಿ ಇದ್ದ ನೆಮ್ಮದಿಯನ್ನೂ ಕಸಿದಿದ್ದೇವೆ. ಡೆಲೋರಿಸ್ ಹೇಳಲಿಲ್ಲ, ವೆಂಡೆಲ್ ಕೇಳಲಿಲ್ಲ. ಇಂಥ ಒಳ್ಳೆಯತನಕ್ಕೆ ಏನು ಹೇಳುವುದೋ ನನಗೆ ತಿಳಿಯದು. ಸಿಟ್ಟೂ ಬರುತ್ತದೆ, ಕಣ್ಣೂ ತುಂಬುತ್ತದೆ.

"ಫೋನಲ್ಲಿ ಕೇಳಿದ್ದೇ ತಪ್ಪು," ಅನ್ನುತ್ತಾರೆ ಆರ್ಲಿಸ್. ಅಲ್ಲಿಂದಲೇ ವೆಂಡೆಲ್‌ಗೆ ಕರೆ ಮಾಡುತ್ತಾರೆ. "ಪೂರ್ತಿ ಭಾರಕ್ಕೆ ಪರ್ಮಿಟ್ ಕೊಟ್ಟಿದೀನಿ. ಮನೆ ಮುಂದೆ ನಿಧಾನ ಬೇಡ, ಎಲ್ರೂ ಹೋಗೋ ಹಂಗೆ ಹೋಗ್ಲಿ... ಹೂಂ, ಕೇಳ್ದೆ... ಹೂಂ, ಮೂರು ಸಲ." ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು.

ಮಧ್ಯಾಹ್ನದ ಬಿಸಿಲು ಹಳದಿಯಾಗಿ ಹಾಸಿಗೆಯ ಮೇಲೆ ಬಿದ್ದಿದೆ. ವರ್ನ್ ಕಣ್ಣು ಮುಚ್ಚಿದ್ದರೂ ನಿದ್ದೆ ಬಂದಿಲ್ಲ. ನಾವು ಮೂವರೂ ಮಂಚದ ಸುತ್ತ ನಿಂತಿದ್ದೇವೆ. ಮೊದಲು ನೆಲದಲ್ಲಿ ಸಣ್ಣ ನಡುಕ. ಆಮೇಲೆ ಗಾಜಿನ ಲೋಟದಲ್ಲಿ ನೀರು ಅಲುಗುತ್ತದೆ. ಕಿಟಕಿ ಝಲ್ಲೆನ್ನುತ್ತದೆ, ಇಡೀ ಮನೆ ಗುಡುಗಿನೊಳಗೆ ಹೋಗಿ ಹೊರಗೆ ಬಂದಂತಾಗುತ್ತದೆ. ಮಣ್ಣಿನ ವಾಸನೆ ಬಿಟ್ಟು ಲಾರಿ ದಾಟಿಹೋಗುತ್ತದೆ. ಅದರ ಹಿಂದೆ ಇನ್ನೊಂದು.

"ತುಂಬಿದ್ಯಾ?" ವರ್ನ್ ಕಣ್ಣು ತೆರೆಯದೆ ಕೇಳುತ್ತಾರೆ.

"ತುಂಬಿ ತುಳುಕ್ತಿದೆ," ಅನ್ನುತ್ತಾರೆ ಆರ್ಲಿಸ್. "ಪರ್ಮಿಟ್ಟಿಗಿಂತ ಜಾಸ್ತೀನೇ ಇದ್ದಂಗಿದೆ."

"ಹಂಗಾದ್ರೆ ದಂಡ ಹಾಕು," ಅನ್ನುತ್ತಾರೆ ವರ್ನ್. ಮೂರನೆಯ ಲಾರಿ ಬರುವ ಹೊತ್ತಿಗೆ ಅವರ ಉಸಿರು ನಿಧಾನವಾಗಿದೆ, ಬಾಯಿ ಸ್ವಲ್ಪ ತೆರೆದಿದೆ. ಡೆಲೋರಿಸ್ ಗಂಡನ ಮುಖದ ಹತ್ತಿರ ಬಗ್ಗಿ ನೋಡಿ, ನಿದ್ದೆ ಎಂದು ಸನ್ನೆ ಮಾಡುತ್ತಾರೆ.

ಹೊರಗೆ ದೂಳು ಇಳಿಯುತ್ತಿದೆ. ಇಷ್ಟು ವರ್ಷದ ಕೆಲಸದಲ್ಲಿ ನಿಮಗೆ ಹೆಮ್ಮೆಯದು ಯಾವುದು ಎಂದು ನಾನು ಕೇಳುತ್ತೇನೆ. ಪತ್ರಿಕೆಯವರು ಕೇಳಲೇಬೇಕಾದ ಪ್ರಶ್ನೆ.

"ಹೆಮ್ಮೆ ಎಲ್ಲ ಒಳಗೆ ಮಲಗಿರೋನದ್ದು," ಅನ್ನುತ್ತಾರೆ ಆರ್ಲಿಸ್, ಪಿಕಪ್ಪಿನ ಬಾಗಿಲು ತೆಗೆಯುತ್ತ. "ಇಷ್ಟು ಭಾರಕ್ಕೆ ನಾನು ಧೈರ್ಯವಾಗಿ ಹೂಂ ಅನ್ನೋ ಹಂಗೆ ರಸ್ತೆ ಮಾಡಿಟ್ನಲ್ಲ. ಅವನಿನ್ನೂ ಕೇಳಿಸ್ಕೊಳ್ಳೋ ಹಂಗಿರೋವಾಗ್ಲೇ ಹೂಂ ಅಂದೆ, ಅಷ್ಟು ಮಾತ್ರ ನನ್ನದು."