ಅವ್ವನ ಟ್ರಂಕಿನಲ್ಲಿದ್ದ ಷಟಲ್

ಮೆಷಿನ್ ಎಣ್ಣೆಯ ವಾಸನೆ ಬಂದರೆ ಈಗಲೂ ನನ್ನ ಬೆನ್ನು ಸೆಟೆಯುತ್ತದೆ. ನಂಜನಗೂಡಿನ ನಮ್ಮ ನಡುಮನೆಯಲ್ಲಿ ಚಿಕ್ಕವ್ವ ಕೈಮೆಷಿನ್ನಿನ ಚಕ್ರ ತಿರುಗಿಸುತ್ತ ಬೀದಿಯವರ ರವಿಕೆ ಹೊಲಿಯುತ್ತಿದ್ದಳು. ಆ ಸದ್ದು ಶುರುವಾದರೆ ಅಡುಗೆಮನೆಯಲ್ಲಿ ನನ್ನ ಅವ್ವ ಪಾತ್ರೆ ಕುಕ್ಕುತ್ತಿದ್ದಳು. ವಾರಗಿತ್ತಿಯರಿಬ್ಬರಿಗೂ ಮಾತಿರಲಿಲ್ಲ. ಗುಂಡಿ ಹಾಕಲು ಅವ್ವನಿಗೆ ಸೂಜಿ ಬೇಕಾದರೆ ಅಜ್ಜಿಯೇ ನಡುವೆ ಬರಬೇಕು. "ಕೈಗ್ ಕೊಡ್ಬ್ಯಾಡ ಕಣಮ್ಮಿ, ಜಗಳ ಬತ್ತದೆ. ನೆಲುಕ್ ಮಡಗು, ಎತ್ಕತಾಳೆ," ಎನ್ನುವಳು. ಇನ್ನು ಬರಲು ಯಾವ ಜಗಳ ಉಳಿದಿತ್ತೋ! ಆದರೂ ಚಿಕ್ಕವ್ವ ನೆಲಕ್ಕಿಡುತ್ತಿದ್ದಳು, ಅವ್ವ ಎತ್ತಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಉಳಿದಿದ್ದ ಮರ್ಯಾದೆ ಅದೊಂದೇ ಎಂದು ಈಗ ಅನಿಸುತ್ತದೆ. ಆಗ ಹಾಗೆ ಅನಿಸಿತ್ತೇ ಎಂದರೆ ಹೇಳಲಾರೆ.

ಮನೆ ಪಾಲಾಗಿ ಚಿಕ್ಕಪ್ಪನ ಸಂಸಾರ ನರಸೀಪುರಕ್ಕೆ ಹೊರಟ ದಿನ, ಗಾಡಿಗೆ ಮೆಷಿನ್ ಏರಿಸುವಾಗ ಅವ್ವ ಬಾಗಿಲಲ್ಲಿ ನಿಂತಿದ್ದಳು. ನನ್ನ ನೆನಪಿನಲ್ಲಿ ಅವಳ ಮುಷ್ಟಿ ಬಿಗಿದಿದೆ. ಅಂದೇ ಬಿಗಿದಿತ್ತೋ, ಆಮೇಲೆ ನಾನೇ ಬಿಗಿಸಿದೆನೋ ಗೊತ್ತಿಲ್ಲ. ಅವಳು ತೀರಿಕೊಂಡ ಮೇಲೆ ಟ್ರಂಕಿನ ತಳದಲ್ಲಿ, ಮಡಿಚಿದ ಸೀರೆಯೊಳಗೆ, ಪುಟ್ಟ ದೋಣಿಯಂಥ ಉಕ್ಕಿನ ವಸ್ತುವೊಂದು ಸಿಕ್ಕಿತು. ಹಳೆಯ ಮೆಷಿನ್ನಿನ ಷಟಲ್ ಅದು, ಅಡಿಯ ದಾರ ಇದರೊಳಗಿರುತ್ತದೆ, ಇದಿಲ್ಲದೆ ಒಂದು ಹೊಲಿಗೆಯೂ ಬೀಳದು ಎಂದು ಟೈಲರೊಬ್ಬರು ಹೇಳಿದರು. ಅಂದಿನಿಂದ ಗುಜರಿ ಅಂಗಡಿ ಸುತ್ತುವುದು ನನ್ನ ಚಟವಾಯಿತು. ತುಕ್ಕು ಹಿಡಿದ ಕತ್ತರಿ, ದರ್ಜಿಗಳು ಬೆರಳಿಗೆ ಹಾಕುವ ಹಿತ್ತಾಳೆ ಟೋಪಿ, ಚಿನ್ನದ ಬಣ್ಣದ ಬಳ್ಳಿ ಚಿತ್ತಾರ ಅಳಿಸಿಹೋದ ಮೆಷಿನ್ನುಗಳು, ಎಲ್ಲವನ್ನೂ ಮನೆಗೆ ತಂದೆ. ಪ್ರತಿ ಮೆಷಿನ್ನಿಗೂ ಷಟಲ್ ಕೂರಿಸಿ ನೋಡುತ್ತಿದ್ದೆ. ಚಿಕ್ಕವ್ವನದಲ್ಲದ ಬೇರೆ ಯಾವ ಮೆಷಿನ್ನಿಗಾದರೂ ಕೂತೀತು, ಅವ್ವ ಕದ್ದಿಲ್ಲವೆಂದು ತಿಳಿದೀತು ಎಂಬ ಆಸೆ. ಯಾವುದಕ್ಕೂ ಕೂರಲಿಲ್ಲ.

ಕಳೆದ ತಿಂಗಳು ನರಸೀಪುರಕ್ಕೆ ಹೋದೆ. ಚಿಕ್ಕವ್ವ ಈಗಿಲ್ಲ. ಅವಳ ಮಗಳು ನಾಗಮ್ಮಕ್ಕ ನನ್ನನ್ನು ಒಳಗೆ ಕರೆಯಲಿಲ್ಲ. "ಏನವ್ವ, ಇಷ್ಟ್ ವರ್ಸುಕ್ಕೆ ದಾರಿ ತಿಳೀತಾ?" ಎಂದಳು. ಜಗಲಿಯ ಮೂಲೆಯಲ್ಲಿ ಅದೇ ಮೆಷಿನ್ನು, ಅದರ ಮೇಲೆ ಹಾಲಿನ ಕ್ಯಾನು. ಅವ್ವನ ಟ್ರಂಕಿನಲ್ಲಿ, ಸೀರೆಯೊಳಗೆ ಸಿಕ್ಕಿತೆಂದು ಹೇಳಿ ನಾನು ಷಟಲ್ ತೋರಿಸಿದೆ. ಅವಳು ಕಸಿದುಕೊಂಡು, ಮೆಷಿನ್ನಿನ ತಗಡು ಸರಿಸಿ ಒಳಗಿಟ್ಟಳು. ಟಕ್ ಎಂದು ಕೂತಿತು.

"ಗಾಡೀಲಿ ಎಲ್ಲೋ ಬೀಳುಸ್ಬುಟ್ಟೆ ಅಂತ ನಮ್ಮವ್ವ ಸಾಯೋಗಂಟ ತನ್ನೇ ಬೈಕತಿದ್ಲು," ಎಂದಳು. "ಅಂತದ್ ಇನ್ನೊಂದ್ ಎಲ್ಲೂ ಸಿಗ್ನಿಲ್ಲ. ಬಟ್ಟೆ ಒಲಿಯೋ ಕೈಲಿ ಕಂಡೋರ್ ಗದ್ದೆ ಕಳೆ ಕಿತ್ಲು. ನಿಮ್ಮವ್ವ ಸೀರೇಲಿ ಸುತ್ತಿ ಮಡಿಕಂಡಿದ್ಲಾ?"

"ಯಾಕೆ ಅಂತ ನಂಗೂ ಗೊತ್ತಿಲ್ಲ ಅಕ್ಕ."

"ಅಷ್ಟೊಂದ್ ಓದಿದ್ದೀಯ, ಅದೊಂದ್ ಗೊತ್ತಾಗ್ನಿಲ್ವಾ?"

ಸುಮ್ಮನೆ ಹೊರಟು ಬರಬಹುದಿತ್ತು. ಎರಡೂ ಒಂದೇ ಕಡೆ ಇರಲಿ, ಮೆಷಿನ್ ನನಗೆ ಕೊಡು ಎಂದು ಕೇಳಿಬಿಟ್ಟೆ. ನಾಗಮ್ಮಕ್ಕ ನಕ್ಕಳು. "ಷಟಲ್ ಆಯ್ತು, ಈಗ ಮೆಷಿನ್ನೂ ಬೇಕಾ ನಿಮ್ಮನೆಗೆ?" ಷಟಲನ್ನು ಒಳಗೇ ಬಿಟ್ಟು ತಗಡು ಮುಚ್ಚಿದಳು. ಆಮೇಲೆ ಬಾಗಿ, ತಿರುಪು ಸಡಿಲಿಸಿ, ತುಕ್ಕು ಹಿಡಿದ ಸೂಜಿಯನ್ನು ಎಳೆದು ತೆಗೆದು ನನ್ನತ್ತ ಚಾಚಿದಳು. "ತಕ್ಕೊ. ಇದ ಮಡಿಕೊ."

ಅವಳು ನೆಲಕ್ಕಿಡಲೆಂದು ಕಾದೆ. ನಾನು ಯಾಕೆ ಕಾಯುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಅವಳೂ ಅದೇ ನಡುಮನೆಯಲ್ಲಿ ಬೆಳೆದವಳು. ಚಾಚಿದ ಕೈಯನ್ನು ಇಳಿಸಲಿಲ್ಲ. ಆ ಮನೆಯವರಲ್ಲಿ ಉಳಿದವರು ನಾವಿಬ್ಬರೇ. ನಡುವೆ ಬರಲು ಅಜ್ಜಿ ಇರಲಿಲ್ಲ. ನಾನು ಕೈಯೊಡ್ಡಿದೆ.